ಬೈಪಾಸ್: ಯಾವ ಬ್ಲಾಕ್‌ಗೆ ಯಾವ ನಾಳ?

ಬೈಪಾಸ್ ಎಂದರೆ ಹೃದಯದ ರಕ್ತನಾಳದ ಬ್ಲಾಕ್ ದಾಟಿಸಲು ದೇಹದ ಬೇರೆಡೆಯ ನಾಳವನ್ನು (ಗ್ರಾಫ್ಟ್) ಹೊಲಿದು ರಕ್ತಕ್ಕೆ ಹೊಸ ದಾರಿ ಮಾಡುವುದು. ಹೊಲಿಗೆ ಎಷ್ಟೇ ನಾಜೂಕಾಗಿರಲಿ, ಜಾಗಕ್ಕೆ ಹೊಂದದ ನಾಳ ಹಾಕಿದರೆ ಗ್ರಾಫ್ಟ್ ಬಾಳುವುದಿಲ್ಲ. ಹೃದಯ ಶಸ್ತ್ರಚಿಕಿತ್ಸೆ ಕಲಿಯುತ್ತಿರುವವರು ಮೊದಲು ಆಂಜಿಯೋಗ್ರಾಮ್ ಮುಂದಿಟ್ಟುಕೊಂಡು ಪ್ರತಿ ಬ್ಲಾಕ್ ಬಗ್ಗೆಯೂ ಮೂರು ಸಂಗತಿ ಬರೆದುಕೊಳ್ಳಬೇಕು: ಬ್ಲಾಕ್ ಶೇಕಡಾ ಎಷ್ಟು, ಅದರಾಚೆ ನಾಳದ ಅಗಲ ಎಷ್ಟು, ಆ ನಾಳ ಎಷ್ಟು ಸ್ನಾಯುವಿಗೆ ರಕ್ತ ಕೊಡುತ್ತಿದೆ. ಅಗಲ 1.5 ಮಿ.ಮೀ.ಗಿಂತ ಕಡಿಮೆಯಿದ್ದರೆ ಯಾವ ಗ್ರಾಫ್ಟ್ ಹಾಕಿದರೂ ಉಳಿಯುವುದು ಕಷ್ಟ.

ಹೃದಯದ ಮುಂಭಾಗದ ಮುಖ್ಯ ನಾಳವಾದ ಎಲ್‌ಎಡಿಗೆ ಲಿಮಾ, ಅಂದರೆ ಎಡ ಎದೆಗೋಡೆಯ ಒಳಗಿನ ಅಪಧಮನಿ. ಇದರಲ್ಲಿ ಚರ್ಚೆಗೆ ಜಾಗ ಕಡಿಮೆ. ಹತ್ತು ವರ್ಷ ಕಳೆದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಲಿಮಾಗಳು ತೆರೆದಿರುತ್ತವೆ. 1986ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಿಂದ ಬಂದ ವರದಿಯ ಬಳಿಕ ಇದೇ ರೂಢಿಯಾಯಿತು. ಆದರೆ ಬಿಡಿಸುವ ಮೊದಲು ಎರಡೂ ತೋಳಿನ ಬಿಪಿ ನೋಡಲೇಬೇಕು. ಎಡಗೈ ಬಿಪಿ ಬಲಗೈಯದಕ್ಕಿಂತ 15 ಮಿ.ಮೀ. ಪಾದರಸಕ್ಕೂ ಹೆಚ್ಚು ಕೆಳಗಿದ್ದರೆ, ಕೈಗೆ ರಕ್ತ ಒಯ್ಯುವ, ಲಿಮಾ ಹುಟ್ಟುವ ಸಬ್‌ಕ್ಲೇವಿಯನ್ ನಾಳವೇ ಕಿರಿದಾಗಿರಬಹುದು. ಅದನ್ನು ಗಮನಿಸದೆ ಹೊಲಿದರೆ, ಮುಂದೆ ರೋಗಿ ಎಡಗೈಯಲ್ಲಿ ಭಾರ ಎತ್ತಿದಾಗ ಹೃದಯಕ್ಕೆ ಹೋಗಬೇಕಾದ ರಕ್ತ ಹಿಂದಿರುಗಿ ಕೈಗೆ ಹರಿದು ಎದೆನೋವು ಬರುತ್ತದೆ. ಎಡಗೈಯಲ್ಲಿ ಡಯಾಲಿಸಿಸ್ ಫಿಸ್ಟುಲಾ (ಅಪಧಮನಿಗೆ ಅಭಿಧಮನಿ ಜೋಡಿಸಿದ್ದು) ಇದ್ದವರಲ್ಲೂ ಇದೇ ಅಪಾಯವಿದೆ.

ಎರಡನೇ ಮುಖ್ಯ ನಾಳಕ್ಕೆ ಏನು ಹಾಕುವುದು? ಎಡವುವುದು ಹೆಚ್ಚಾಗಿ ಇಲ್ಲೇ. ಮುಂಗೈಯ ರೇಡಿಯಲ್ ಅಪಧಮನಿ ಒಳ್ಳೆಯ ನಾಳವೇ, ಆದರೆ ಅದರ ಗೋಡೆಯಲ್ಲಿ ಸ್ನಾಯು ಜಾಸ್ತಿ. ಬ್ಲಾಕ್ ಸಾಧಾರಣವಾಗಿದ್ದು ಮೂಲ ನಾಳದಲ್ಲೇ ರಕ್ತ ಚೆನ್ನಾಗಿ ಹರಿಯುತ್ತಿದ್ದರೆ, ಗ್ರಾಫ್ಟ್‌ಗೆ ಕೆಲಸವಿಲ್ಲದೆ ಅದು ದಾರದಂತೆ ಸಣ್ಣಗಾಗಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಎಡಭಾಗದ ನಾಳದಲ್ಲಿ ಕನಿಷ್ಠ 70, ಬಲಭಾಗದ ನಾಳದಲ್ಲಿ 90 ಶೇಕಡಾ ಬ್ಲಾಕ್ ಇದ್ದರೆ ಮಾತ್ರ ರೇಡಿಯಲ್ ಹಾಕಿ. ಶೇ. 60ರ ಬ್ಲಾಕ್‌ಗೆ ಕಾಲಿನ ನಾಳವೇ ವಾಸಿ.

ರೇಡಿಯಲ್ ತೆಗೆಯುವ ಮುನ್ನ, ಅದಿಲ್ಲದೆಯೂ ಕೈಗೆ ರಕ್ತ ಸಾಲುತ್ತದೆಯೇ ಎಂದು ತಿಳಿಯಲು ಆಲೆನ್ ಪರೀಕ್ಷೆ ಮಾಡಿ. ರೋಗಿ ಮುಷ್ಟಿ ಬಿಗಿಹಿಡಿಯಲಿ. ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಬೆರಳಿನಿಂದ ಒತ್ತಿ, ಕೈ ಬಿಚ್ಚಿಸಿ, ಕಿರುಬೆರಳ ಕಡೆಯ ಅಲ್ನಾರ್ ನಾಳದ ಮೇಲಿನ ಒತ್ತು ಮಾತ್ರ ಬಿಡಿ. ಬಿಳಿಚಿದ ಅಂಗೈಗೆ ಐದಾರು ಸೆಕೆಂಡಿನಲ್ಲಿ ಕೆಂಪು ಮರಳಬೇಕು. 10 ಸೆಕೆಂಡ್ ದಾಟಿದರೆ ಆ ಕೈ ಬೇಡ. ಬೆರಳುಗಳನ್ನು ತೀರಾ ಹಿಂದಕ್ಕೆ ಸೆಟೆಸಿದ್ದರೆ ಸುಮ್ಮನೆ ಬಿಳಿಚಿಕೊಂಡೇ ಇರುತ್ತದೆ, ಕೈ ಸಡಿಲವಾಗಿರಲಿ. ಅನುಮಾನವಿದ್ದರೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಅಗಲ 2 ಮಿ.ಮೀ.ಗಿಂತ ಕಡಿಮೆಯಿದ್ದರೆ ಅಥವಾ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಬಿಟ್ಟುಬಿಡಿ. ನಮ್ಮಲ್ಲಿ ಈಗ ಆಂಜಿಯೋಗ್ರಾಮ್ ಹೆಚ್ಚಾಗಿ ಮಣಿಕಟ್ಟಿನಿಂದಲೇ ಆಗುತ್ತದೆ, ತೂತು ಬಿದ್ದ ಕೈಯ ನಾಳದ ಒಳಪದರ ಕೆಟ್ಟಿರುತ್ತದೆ. ಯಾವ ಕೈ ಎಂದು ಕೇಳಿ ತಿಳಿದುಕೊಳ್ಳಿ. ಮುಂದೆ ಡಯಾಲಿಸಿಸ್ ಬೇಕಾಗಬಹುದಾದವರ ರೇಡಿಯಲ್ ಮುಟ್ಟಬೇಡಿ. 1970ರ ದಶಕದಲ್ಲಿ ಪ್ಯಾರಿಸ್‌ನ ಶಸ್ತ್ರಚಿಕಿತ್ಸಕ ಕಾರ್ಪೆಂಟಿಯರ್ ಈ ನಾಳ ಬಳಸಿ, ಬೇಗ ಮುಚ್ಚಿಹೋಗುತ್ತಿದ್ದುದರಿಂದ ಕೈಬಿಟ್ಟಿದ್ದರು. ಅದು ಮತ್ತೆ ಚಾಲ್ತಿಗೆ ಬಂದದ್ದು ಮೃದುವಾಗಿ ಬಿಡಿಸುವ ಕ್ರಮ ಮತ್ತು ನಾಳ ಸೆಟೆದು ಕಿರಿದಾಗುವುದನ್ನು ತಡೆಯುವ ಔಷಧಿಗಳಿಂದ.

ಬಲ ಎದೆಗೋಡೆಯ ಅಪಧಮನಿಯೂ ಗಟ್ಟಿ ಆಯ್ಕೆ. ಆದರೆ ಎರಡೂ ಕಡೆಯದನ್ನು ತೆಗೆದರೆ ಎದೆಮೂಳೆಗೆ ರಕ್ತ ಕಡಿಮೆಯಾಗುತ್ತದೆ. ಹತೋಟಿಯಿಲ್ಲದ ಸಕ್ಕರೆ, ಬೊಜ್ಜು, ಶ್ವಾಸಕೋಶದ ಹಳೇ ಕಾಯಿಲೆ ಇರುವವರಲ್ಲಿ ಗಾಯ ಕೀವಾಗುವ ಭಯವಿದೆ. ತೆಗೆಯಲೇಬೇಕಾದರೆ ಸುತ್ತಲಿನ ಅಂಗಾಂಶ ಬಿಟ್ಟು ನಾಳವನ್ನಷ್ಟೇ ಬಿಡಿಸಿ.

ಕಾಲಿನ ಸಫೀನಸ್ ನಾಳ (ಇದು ಅಭಿಧಮನಿ) ಉದ್ದ ಸಿಗುತ್ತದೆ, ಬೇಗ ಸಿಗುತ್ತದೆ. ಹತ್ತು ವರ್ಷಕ್ಕೆ ಅರ್ಧದಷ್ಟು ಮುಚ್ಚಿರುತ್ತವೆ ಎಂಬುದೂ ನಿಜ, ಆ ಹಾನಿಯ ಒಂದು ಪಾಲು ನಾವೇ ಮಾಡುವುದು. ಸೋರಿಕೆ ನೋಡಲು ಸಿರಿಂಜ್‌ನಿಂದ ಜೋರಾಗಿ ಉಬ್ಬಿಸಿದರೆ ಒಳಗಿನ ಒತ್ತಡ 300 ಮಿ.ಮೀ. ಪಾದರಸ ದಾಟಿ ಒಳಪದರ ಸುಲಿದುಹೋಗುತ್ತದೆ. ಮೆಲ್ಲಗೆ ತುಂಬಿ. ಬರೀ ಸಲೈನ್‌ನಲ್ಲಿ ಇಡಬೇಡಿ. ರೋಗಿಯ ಹೆಪಾರಿನ್ ಬೆರೆಸಿದ ರಕ್ತ ಅಥವಾ ಬಫರ್ ದ್ರಾವಣ ಇರಲಿ. ಕೊಂಬೆಗಳನ್ನು ಗೋಡೆಗೆ ತೀರಾ ಒತ್ತಿ ಕಟ್ಟಿದರೆ ಅಲ್ಲೇ ಕಿರಿದಾಗುತ್ತದೆ. ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳಿರುವುದರಿಂದ ತುದಿ ಅದಲುಬದಲಾಗುವಂತೆ ತಿರುಗಿಸಿ ಹಾಕಬೇಕು. ಉದ್ದವನ್ನು ಹೃದಯ ತುಂಬಿದಾಗಲೇ ಅಳೆಯಿರಿ. ಉಬ್ಬಿದ, ಸೊಟ್ಟಗಾದ ನಾಳ ಬೇಡ.

ಹೊಲಿದ ಮೇಲೆ ಹರಿವು ಅಳೆಯಿರಿ. ನಿಮಿಷಕ್ಕೆ 20 ಮಿ.ಲೀ.ಗಿಂತ ಕಡಿಮೆಯಿದ್ದು ಪಲ್ಸಟಿಲಿಟಿ ಇಂಡೆಕ್ಸ್ (ಹರಿವಿನ ಏರಿಳಿತದ ಸೂಚ್ಯಂಕ) 5 ದಾಟಿದ್ದರೆ ಎದೆ ಮುಚ್ಚುವ ಮುನ್ನ ತಿರುಚಿಕೊಂಡಿದೆಯೇ, ಹೊಲಿಗೆ ಬಿಗಿಯಾಗಿದೆಯೇ ನೋಡಿ. ರಕ್ತಸ್ರಾವ ನಿಂತಿದ್ದರೆ ಆರು ಗಂಟೆಯೊಳಗೆ ಆಸ್ಪಿರಿನ್ ಶುರುವಾಗಲಿ. ರೇಡಿಯಲ್ ಹಾಕಿದ್ದರೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಗುಳಿಗೆಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಯಾವ ನಾಳ ಎಲ್ಲಿಂದ ಹೊರಟು ಎಲ್ಲಿಗೆ ಸೇರಿದೆ ಎಂಬುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಚಿತ್ರಸಮೇತ ಬರೆಯಿರಿ. ಮುಂದೊಮ್ಮೆ ಆಂಜಿಯೋಗ್ರಾಮ್ ಮಾಡುವವರು ಗ್ರಾಫ್ಟ್‌ನ ಬಾಯಿ ಹುಡುಕುತ್ತಾ ಡೈ ಸುರಿಯುವುದು ತಪ್ಪುತ್ತದೆ.