‘ಕಾಲೋ ಪೋಥಿ’ಯನ್ನು ಊರವರಿಗೆ ತೋರಿಸುವುದು ಹೇಗೆ?

ನೇಪಾಳದ ಮೀನ್ ಬಹಾದುರ್ ಭಾಮ್ ನಿರ್ದೇಶಿಸಿದ ಮೊದಲ ಕಥಾಚಿತ್ರ ‘ಕಾಲೋ ಪೋಥಿ’, ಅಂದರೆ ಕಪ್ಪು ಹೆಂಟೆ. 2015ರಲ್ಲಿ ವೆನಿಸ್ ಚಿತ್ರೋತ್ಸವದ ‘ವಿಮರ್ಶಕರ ವಾರ’ ಎಂಬ ವಿಭಾಗದಲ್ಲಿ ಪ್ರದರ್ಶನಗೊಂಡಿತು, ಆಮೇಲೆ ನೇಪಾಳದಿಂದ ಆಸ್ಕರ್‌ಗೂ ಹೋಯಿತು. ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಸಿನಿಮಾ ತೋರಿಸುವವಳು ನಾನು. ಇದನ್ನು ನೀವೂ ನಿಮ್ಮೂರಲ್ಲಿ ತೋರಿಸಬೇಕು ಅಂತ ನನ್ನ ಆಸೆ.

ಹಕ್ಕು ಯಾರದೋ ಅವರ ಒಪ್ಪಿಗೆ ಮೊದಲು ಪಡೆಯಿರಿ. ಕಿಟಕಿಗಳಿಗೆ ದಪ್ಪ ಪರದೆ ಹಾಕಿ. ಇಲ್ಲದಿದ್ದರೆ ಚಿತ್ರದಲ್ಲಿ ಬೆಟ್ಟದ ಇಳಿಜಾರಲ್ಲಿ ಚಿಕ್ಕದಾಗಿ ಕಾಣುವ ಇಬ್ಬರು ಹುಡುಗರು ಮಸುಕು ಪರದೆಯಲ್ಲಿ ಕಳೆದೇ ಹೋಗುತ್ತಾರೆ.

ಶುರುವಿಗೆ ಮುಂಚೆ ಐದು ನಿಮಿಷ ಮಾತಾಡಿ. ಚಿತ್ರದೊಳಗಿನ ಭಯ ಅರ್ಥವಾಗಬೇಕಾದರೆ ಹೊರಗೆ ಏನು ನಡೆದಿತ್ತು ಅಂತ ಗೊತ್ತಿರಬೇಕು. ನಾನು ಕರಿಹಲಗೆಯ ಮೇಲೆ ಬರೆದಿಡುತ್ತೇನೆ: 1996, ಸರ್ಕಾರದ ವಿರುದ್ಧ ಮಾವೋವಾದಿಗಳ ಸಶಸ್ತ್ರ ಹೋರಾಟ ಶುರು. 2001ರ ಜೂನ್ 1, ಅರಮನೆಯಲ್ಲೇ ರಾಜ ಬೀರೇಂದ್ರ ಮತ್ತು ಕುಟುಂಬದವರ ಹತ್ಯೆ. ಜುಲೈ, ಕದನವಿರಾಮ. ನವೆಂಬರ್, ಅದೂ ಮುರಿದುಬಿತ್ತು. ಕಥೆ ನಡೆಯುವುದು ಆ ಕಾಲದಲ್ಲಿ, ನಿರ್ದೇಶಕರದೇ ನಾಡಾದ ಮುಗು ಕಡೆಯ ಬೆಟ್ಟದ ಹಳ್ಳಿಯೊಂದರಲ್ಲಿ. ಯುದ್ಧ ಮುಗಿದದ್ದು 2006ರಲ್ಲಿ ಎಂಬುದನ್ನು ಮಾತ್ರ ಚಿತ್ರ ಮುಗಿದ ಮೇಲೆ ಬರೆಯಿರಿ. ಆ ಹುಡುಗರ ಮುಂದೆ ಇನ್ನೆಷ್ಟು ವರ್ಷಗಳ ಯುದ್ಧವಿತ್ತು ಅಂತ ಜನ ಆಗ ಲೆಕ್ಕ ಹಾಕುತ್ತಾರೆ.

ಕಥೆಯನ್ನು ಇಷ್ಟೇ ಹೇಳಿ: ಪ್ರಕಾಶ್ ದಲಿತರ ಹುಡುಗ, ಅವನ ಗೆಳೆಯ ಕಿರಣ್ ಮೇಲ್ಜಾತಿಯವನು. ಪ್ರಕಾಶ್‌ಗೆ ಅಕ್ಕ ಬಿಜುಲಿ ಕೊಟ್ಟ ಕೋಳಿಯನ್ನು ಅವನ ಅಪ್ಪ ಮಾರಿಬಿಡುತ್ತಾನೆ, ಹುಡುಗರು ಅದನ್ನು ಹುಡುಕಿಕೊಂಡು ಹೊರಡುತ್ತಾರೆ. ‘ಕೋಳಿ ಸಾಯುತ್ತಾ?’ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಬಾಯಿ ಬಿಡಬೇಡಿ. ಹತ್ತು ವರ್ಷದೊಳಗಿನವರನ್ನು ಕೂರಿಸುವ ಮುಂಚೆ ಮಾತ್ರ ನೀವೊಮ್ಮೆ ಕೊನೆತನಕ ನೋಡಿ. ಯುದ್ಧ ಆ ಹುಡುಗರ ದಾರಿಗೇ ಬರುತ್ತದೆ.

ಇಂಗ್ಲಿಷ್ ಅಡಿಬರಹ ಓದಲಾಗದ ಹಿರಿಯರು ಬಂದಿದ್ದರೆ ಮೈಕ್ ಹಿಡಿದು ಸಾಲುಸಾಲಾಗಿ ಅನುವಾದಿಸಲು ಹೋಗಬೇಡಿ. ಮಾತಿಲ್ಲದ ಜಾಗಗಳಲ್ಲೇ ಈ ಚಿತ್ರದ ಜೀವ ಇದೆ. ಓದುಬರಹ ಬಲ್ಲವರೊಬ್ಬರನ್ನು ಅವರ ಪಕ್ಕದಲ್ಲೇ ಕೂರಿಸಿ, ಬೇಕಾದಾಗ ಕಿವಿಯಲ್ಲಿ ಒಂದು ಮಾತು ಹೇಳಿದರೆ ಸಾಕು. ಒಂದೂವರೆ ತಾಸಿನ ಚಿತ್ರ, ನಡುವೆ ಚಹಾಕ್ಕೆ ನಿಲ್ಲಿಸಬೇಡಿ.

ಮುಗಿದ ಮೇಲೆ ‘ಸಂದೇಶ ಏನು’ ಅಂತ ಕೇಳಿದರೆ ಎಲ್ಲರೂ ಪಾಠ ಒಪ್ಪಿಸುತ್ತಾರೆ. ಅದರ ಬದಲು ‘ಯಾರು ಯಾರ ಮನೆಯೊಳಗೆ ಹೋದರು, ಯಾರು ಹೊಸ್ತಿಲಾಚೆ ನಿಂತರು?’ ಅಂತ ಕೇಳಿ. ನೇಪಾಳದಲ್ಲಿ 1963ರ ಮುಲುಕಿ ಐನ್ ಎಂಬ ದೇಶದ ಕಾನೂನು ಸಂಹಿತೆಯಿಂದಲೇ ಜಾತಿಭೇದಕ್ಕೆ ಮಾನ್ಯತೆ ಹೋಗಿತ್ತು. ಹಾಗಿದ್ದೂ ಸುಮಾರು ನಾಲ್ಕು ದಶಕದ ನಂತರದ ಈ ಕಥೆಯಲ್ಲಿ ಇಬ್ಬರು ಮಕ್ಕಳ ಸ್ನೇಹವೇ ಹಳ್ಳಿಗೆ ತಕರಾರು. ಈ ವಿಷಯ ಎತ್ತಿದಾಗ ನಮ್ಮಲ್ಲಿ ಹಿಂದಿನ ಸಾಲಿನ ಹೆಂಗಸರು ನೇಪಾಳವನ್ನು ಅಲ್ಲೇ ಬಿಟ್ಟು ತಮ್ಮೂರಿನ ಬಾವಿಯ ಮಾತು ತೆಗೆದರು. ಅಂಥ ಮಾತು ಬಂದರೆ ತಡೆಯಬೇಡಿ, ಬೀಗ ಹಾಕುವವನಿಗೆ ಅರ್ಧ ಗಂಟೆ ತಡವಾಗುತ್ತದೆ ಅಂತ ಮೊದಲೇ ಹೇಳಿಟ್ಟಿರಿ.

ಜನಕ್ಕೆ ಹಿಡಿಸಿದರೆ ಇದೇ ನಿರ್ದೇಶಕರ ‘ಶಾಂಭಾಲಾ’ ತೋರಿಸಿ. ಅದು 2024ರಲ್ಲಿ ಬರ್ಲಿನ್ ಚಿತ್ರೋತ್ಸವದ ಮುಖ್ಯ ಸ್ಪರ್ಧೆಯಲ್ಲಿತ್ತು. ಇದಕ್ಕಿಂತ ಬಹಳ ಉದ್ದ, ಹಾಗಾಗಿ ಸಂಜೆ ಒಂದು ತಾಸು ಮೊದಲೇ ಶುರುಮಾಡಿ.