ಟ್ಯಾಂಕ್ ಸೈಡ್ ಬ್ಯಾಗ್: ಬಳ್ಳಾರಿ ಬಿಸಿಲಿಗೆ, ಸಂಡೂರು ಧೂಳಿಗೆ ನಾ ಹೆಂಗ ಆರಿಸಿದೆ

ಟ್ಯಾಂಕ್ ಸೈಡ್ ಬ್ಯಾಗ್, ಅಂದ್ರ ಬೈಕಿನ ಪೆಟ್ರೋಲ್ ಟ್ಯಾಂಕಿನ ಎರಡೂ ಕಡಿ ಕಟ್ಟೋ ಸಣ್ಣ ಬ್ಯಾಗ್, ತಗೋಬೇಕು ಅನ್ನೋರು ನನ್ಗ ಕೇಳೋ ಮೊದಲ ಮಾತೇ ಎಷ್ಟು ಲೀಟರಿಂದು ತಗೊಂಡಿ ಅಂತ. ನಾ ಲೀಟರ್ ನೋಡಿದ್ದು ಕಡೀಗೆ. ಮೊದ್ಲ ನೋಡಿದ್ದು ಮಣಕಾಲಿಗೆ ತಗಲ್ತೈತೋ ಇಲ್ಲೋ, ಆಮ್ಯಾಲ ಹ್ಯಾಂಡಲ್, ಆಮ್ಯಾಲ ಹೊಲಿಗಿ ಮತ್ತ ಜಿಪ್. ಈ ನಮೂನಿ ಬ್ಯಾಗ್ ಬಹಳಷ್ಟು ಒಂದೊಂದು ಕಡಿಗೆ ಐದು ಲೀಟರ್ ಆಸುಪಾಸೇ ಇರ್ತಾವ, ಒಂದು ಲೀಟರ್ ಆಕಡಿ ಈಕಡಿ ಆದ್ರ ಏನೂ ಫರಕ್ ಬೀಳಂಗಿಲ್ಲ, ಆದ್ರ ಮಣಕಾಲಿಗೆ ಅರ್ಧ ಇಂಚು ತಗಲಿದ್ರೂ ಬಳ್ಳಾರಿಯಿಂದ ರಾಯಚೂರು ಮುಟ್ಟೋದ್ರೊಳಗ ಬ್ಯಾಗ್ ಕಿತ್ತು ಒಗೀಬೇಕು ಅನಿಸ್ತೈತಿ.

ನನ್ ಗಾಡಿ ರಾಯಲ್ ಎನ್‌ಫೀಲ್ಡ್‌ನ ಹಳೇ ಹಿಮಾಲಯನ್ ಬೈಕು, 411 ಸಿಸಿದು. ಟ್ಯಾಂಕಿನ ಎರಡೂ ಕಡಿ ಕಂಪನಿಯಿಂದಲೇ ಕಬ್ಬಿಣದ ಫ್ರೇಮ್ ಬಂದೈತಿ, ಜೆರ್ರಿ ಕ್ಯಾನ್ (ಪೆಟ್ರೋಲ್, ನೀರು ಒಯ್ಯೋ ಡಬ್ಬಿ) ಕಟ್ಟಾಕ ಅಂತ ಕೊಟ್ಟಿದ್ದು. 2016ರಾಗ ಬಂದ ಮೊದಲ ಮಾಡೆಲ್‌ಗೆ ಈ ಫ್ರೇಮ್ ಉದ್ದ ಇತ್ತು, ಎತ್ತರ ಇರೋರ ಮಣಕಾಲಿಗೆ ಬಡೀತಿತ್ತು, 2021ರ ಮಾಡೆಲ್‌ನ್ಯಾಗ ಅದನ್ನ ಸಣ್ಣದು ಮಾಡಿದ್ರು. ಹಂಗಾಗಿ "ಹಿಮಾಲಯನ್‌ಗೆ ಫಿಟ್ ಆಗ್ತೈತಿ" ಅಂತ ಬರ್ದಿದ್ದು ನೋಡಿ ಆರ್ಡರ್ ಹಾಕಬ್ಯಾಡ್ರಿ, ನಿಮ್ ಗಾಡಿ ಯಾವ ವರ್ಷದ್ದು, ಬ್ಯಾಗಿನ ಪಟ್ಟಿ ಎಲ್ಲೆಲ್ಲಿ ಬರ್ತಾವ, ಫ್ರೇಮ್‌ನ್ಯಾಗ ಅಲ್ಲಿ ಪೈಪ್ ಐತೋ ಬರೇ ಗಾಳಿ ಐತೋ, ಟೇಪ್ ಹಿಡ್ದು ಅಳತಿ ತಗೊಂಡು ನೋಡ್ರಿ. ನಾ ಹಂಗೇ ಮಾಡಿದ್ದು.

ಮುಂದ ಬ್ಯಾಗ್ ಯಾಕ ಬೇಕು ಅಂತ ಕೆಲವ್ರು ಕೇಳ್ತಾರ, ಹಿಂದ ಎಷ್ಟು ಬೇಕಾದ್ರೂ ಕಟ್ಟಬೌದಲ್ಲ ಅಂತ. ಕಟ್ಟಬೌದು, ಆದ್ರ ಹಿಂದ ಭಾರ ಜಾಸ್ತಿ ಆದಂಗ ಮುಂದಿನ ಗಾಲಿ ಹಗುರ ಆಗ್ತೈತಿ, ಮಣ್ಣಿನ ದಾರ್ಯಾಗ ಹ್ಯಾಂಡಲ್ ತೇಲಿದಂಗ ಆಗ್ತೈತಿ. ಹಿಮಾಲಯನ್‌ಗೆ ಸ್ಪೋಕ್ ವೀಲು, ಟ್ಯೂಬ್ ಟೈರು, ಮುಂದಿಂದು 21 ಇಂಚು ಹಿಂದಿಂದು 17, ಅಂದ್ರ ಎರಡು ನಮೂನಿ ಟ್ಯೂಬ್ ಹೊತ್ಕೊಂಡು ಹೋಗಬೇಕು, 21ರ ಟ್ಯೂಬ್ ಮಸ್ಕಿಯೊಳಗೋ ಕನಕಗಿರಿಯೊಳಗೋ ಪಂಕ್ಚರ್ ಅಂಗಡಿಗೆ ಹೋಗಿ ಕೊಡ್ರಿ ಅಂದ್ರ ಅವ್ರು ಎಲ್ಲಿಂದ ಕೊಡ್ಬೇಕು. ಈ ಎರಡು ಟ್ಯೂಬು, ಟೈರ್ ಬಿಚ್ಚೋ ಲಿವರ್, ಪಾನಾ ಸೆಟ್ಟು, ಗಾಳಿ ಪಂಪು, ಇವು ಸಣ್ಣವು ಆದ್ರ ಭಾರ. ಇಂಥವು ಗಾಡಿ ನಡುವಿಗೆ, ಕೆಳಗ, ಎಂಜಿನ್ ಹತ್ರ ಇದ್ದಷ್ಟೂ ಚಲೋ. ಬಟ್ಟಿ ಹಿಂದ ಹೋಗ್ಲಿ. ಎಡಕ್ಕ ಪಾನಾ ಲಿವರ್ ಹಾಕಿದ್ರ ಬಲಕ್ಕ ಟ್ಯೂಬು, ಪಂಪು, ನೀರಿನ ಬಾಟ್ಲಿ, ಎರಡೂ ಕಡಿ ಹೆಚ್ಚು ಕಮ್ಮಿ ಸಮ ಇರ್ಬೇಕು, ತೂಕ ಒಂದು ಕಡಿಗೆ ಎರಡು ಎರಡೂವರಿ ಕೇಜಿ ದಾಟಬಾರ್ದು ಅಂತ ನಾ ಇಟ್ಕೊಂಡೀನಿ.

ಫಿಟಿಂಗ್ ನೋಡೋದು ಹೆಂಗಂದ್ರ, ಬ್ಯಾಗ್ ಖಾಲಿ ಇದ್ದಾಗ ಕಟ್ಟಿ ನೋಡಿದ್ರ ಏನೂ ಗೊತ್ತಾಗಂಗಿಲ್ಲ, ತುಂಬಿದ ಮ್ಯಾಲ ಹೊಟ್ಟಿ ಹೊರಗ ಬರ್ತೈತಿ, ಅದಕ್ಕ ಪೂರ್ತಿ ತುಂಬಿ ಕಟ್ಬೇಕು. ಒಬ್ರು ಹಿಂದ ಗಾಡಿ ಹಿಡ್ಕೊಳ್ಳಿ, ನೀವು ಮೊದ್ಲ ಕುಂತು, ಆಮ್ಯಾಲ ಫುಟ್‌ರೆಸ್ಟ್ ಮ್ಯಾಲ ಎದ್ದು ನಿಂತು ನೋಡ್ರಿ. ಕುಂತಾಗ ತಗಲದ ಬ್ಯಾಗು ನಿಂತಾಗ ತೊಡಿಗೆ ಒತ್ತತೈತಿ, ಯಾಕಂದ್ರ ನಿಂತಾಗ ಮಣಕಾಲು ಮುಂದಕ್ಕ ಹೋಗ್ತೈತಿ. ನಾ ಐದಡಿ ಹತ್ತಿಂಚು ಅದೀನಿ, ಹಿಂದಿನ ಅಂಚು ಚೌಕಾಗಿರೋ ಬ್ಯಾಗ್ ನನ್ಗ ಬರಂಗೇ ಇಲ್ಲ, ಹಿಂದ ಇಳಿಜಾರಾಗಿ ಕತ್ತರಿಸಿದಂಥದ್ದೇ ಬೇಕಾತು.

ಆಮ್ಯಾಲ ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನ್ಯಾಗ ಇಟ್ಟು ಹ್ಯಾಂಡಲ್ ಪೂರ್ತಿ ಎಡಕ್ಕ, ಪೂರ್ತಿ ಬಲಕ್ಕ ತಿರುಗಿಸ್ರಿ. ಇದನ್ನ ಎಲ್ರೂ ಬಿಟ್ಬಿಡ್ತಾರ. ನನ್ ಗೆಳೆಯಾ ಒಬ್ಬ ಎತ್ತರದ ಬ್ಯಾಗ್ ಕಟ್ಟಿಸಿದ್ದ, ಹ್ಯಾಂಡಲ್ ಎಡಕ್ಕ ಮುರಿದ ಕೂಡ್ಲೇ ರೇಸ್ ತಾನೇ ಗುರ್ ಅಂತ ಏರ್ತಿತ್ತು. ಬ್ಯಾಗಿನ ಮ್ಯಾಲಿನ ಪಟ್ಟಿ ಎಕ್ಸಿಲೇಟರ್ ಕೇಬಲ್ ಹಿಡ್ಕೊಂಡು ಎಳೀತಿತ್ತು, ಅಷ್ಟೇ. ಸಂಡೂರು ಘಾಟ್‌ನ್ಯಾಗ ಮುಂದ ಅದಿರು ಲಾರಿ, ನೀವು ತಿರುವಿನ್ಯಾಗ ಹ್ಯಾಂಡಲ್ ಮುರೀತೀರಿ, ಆಗ ಗಾಡಿ ತಾನೇ ಮುಂದ ಜಿಗಿದ್ರ ಏನಾಗ್ತೈತಿ ನೀವೇ ಯೋಚ್ನಿ ಮಾಡ್ರಿ. ಪಟ್ಟಿ ಇನ್ನೊಂದು ಪೈಪಿಗೆ ಸುತ್ತಿ, ಉಳಿದ ತುದಿ ಮಡಚಿ ರಬ್ಬರ್ ಹಾಕಿದ್ವಿ, ಸರಿ ಹೋತು. ಜೋತಾಡೋ ಪಟ್ಟಿ ತುದಿ ಯಾವತ್ತೂ ಬಿಡಬ್ಯಾಡ್ರಿ, ಸೈಲೆನ್ಸರ್ ಬೆಂಡ್ ಪೈಪಿಗೆ ತಗಲಿದ್ರ ಕರಗಿ ಅಂಟ್ಕೊಂತೈತಿ.

ಸೆಕಿ ವಿಷಯ. ಬಳ್ಳಾರಿ ರಾಯಚೂರು ಮೇ ತಿಂಗಳು ಹೆಂಗಿರ್ತೈತಿ ನಿಮ್ಗ ಹೇಳಬೇಕಾಗಿಲ್ಲ, ನೆಳ್ಳಾಗ 40 ಡಿಗ್ರಿ ದಾಟ್ತೈತಿ, ಬ್ಯಾಗ್ ಇರೋದು ಬಿಸಿಲಾಗ, ಅದೂ ಎಂಜಿನ್ ಹೆಡ್ ಪಕ್ಕದಾಗ. ಪವರ್ ಬ್ಯಾಂಕ್ ಅದರೊಳಗ ಇಟ್ಟು ಫೋನ್ ಚಾರ್ಜಿಗೆ ಹಾಕೋರು ಅದಾರ, ಲಿಥಿಯಂ ಬ್ಯಾಟ್ರಿಗೆ ಅಷ್ಟು ಸೆಕಿ ಒಳ್ಳೇದಲ್ಲ, ನಾ ಹಿಂದಿನ ಬ್ಯಾಗಿನ್ಯಾಗ ಬಟ್ಟಿ ನಡುವ ಇಡ್ತೀನಿ. ಗುಳಿಗಿ, ಚಾಕ್ಲೇಟು, ಬಾಮು ಕೂಡ ಮುಂದ ಬ್ಯಾಡ. ಇನ್ನ ಹೊಸಾ 450 ಹಿಮಾಲಯನ್ ಇರೋರಿಗೆ ಒಂದು ಮಾತು, ಅದು ರೇಡಿಯೇಟರ್ ಗಾಡಿ, ಬಿಸಿ ಗಾಳಿ ಹೊರಗ ಹೋಗೋ ದಾರಿಗೆ ಅಡ್ಡ ಬರೋವಷ್ಟು ಕೆಳಗ ಇಳಿಯೋ ಬ್ಯಾಗ್ ಕಟ್ಟಬ್ಯಾಡ್ರಿ. ನಮ್ ಹಳೇದು ಏರ್ ಕೂಲ್ಡು ಆದ್ರೂ ಆಯಿಲ್ ಕೂಲರ್ ಐತಿ, ಅದಕ್ಕೂ ಗಾಳಿ ಬೇಕು.

ಈಗ ಹೊಲಿಗಿ. ಬಳ್ಳಾರ್ಯಾಗ ಇದ್ದು ಹೊಲಿಗಿ ನೋಡಿಸ್ದೇ ಬ್ಯಾಗ್ ತಗೊಂಡ್ರ ನಾಚ್ಕೋಬೇಕು, ಊರ ತುಂಬ ಜೀನ್ಸ್ ಯೂನಿಟ್ ಅದಾವ. ನಮ್ ಓಣಿ ಮಾಮಾ ಒಬ್ರು ಕೌಲ್ ಬಜಾರ್ ಕಡಿ ಯೂನಿಟ್‌ನ್ಯಾಗ ಮಾಸ್ಟರ್, ಪ್ಯಾಂಟ್ ಹೊಲಿಯೋದ್ರಾಗೇ ತಲಿಗೂದಲು ಬೆಳ್ಳಗಾಗ್ಯಾವ. ನಾ ಗೆಳೆಯಾಂದು ಹಳೇ ಬ್ಯಾಗು, ನನ್ಗ ಬಂದಿದ್ದ ಹೊಸಾ ಬ್ಯಾಗು, ಎರಡೂ ಒಯ್ದು ಮಿಷನ್ ಮ್ಯಾಲ ಇಟ್ಟೆ. ಮಾಮಾ ಹೊರಗಿನ ಕಡಿ ನೋಡ್ಲೇ ಇಲ್ಲ, ಸೀದಾ ಒಳಗ ಕೈ ಹಾಕಿ ಹೊಸಾ ಬ್ಯಾಗ್ ಉಲ್ಟಾ ಮಾಡಿದ್ರು, ಕೆಳಗಿನ ಪಟ್ಟಿ ಎಲ್ಲಿ ಬ್ಯಾಗಿಗೆ ಕೂಡ್ತೈತೋ ಅಲ್ಲಿ ಎರಡೂ ಹೆಬ್ಬೆಟ್ಟು ಇಟ್ಟು ಹಿಗ್ಗಿಸಿ ಟ್ಯೂಬ್‌ಲೈಟಿಗೆ ಹಿಡಿದ್ರು.

"ಇಲ್ನೋಡಪಾ, ಬೆಳಕು ಕಾಣ್ತೈತಿಲ್ಲ? ಬಾರ್ಟ್ಯಾಕೇ ಹೊಡ್ದಿಲ್ಲ ಇದಕ್ಕ, ಬರೇ ಎರಡು ಸಲ ಹಿಂದ ಮುಂದ ಓಡ್ಸಿ ಬಿಟ್ಟಾನ."

ಬಾರ್ಟ್ಯಾಕ್ ಅಂದ್ರ ನಿಮ್ ಜೀನ್ಸ್ ಪ್ಯಾಂಟಿನ ಬೆಲ್ಟ್ ಲೂಪ್ ಮ್ಯಾಲ, ಜೇಬಿನ ಮೂಲಿಗೆ ಒತ್ತೊತ್ತಾಗಿ ಅಡ್ಡಾದಿಡ್ಡಿ ಹೊಡದ ಗಟ್ಟಿ ಹೊಲಿಗಿ ಇರ್ತೈತಲ್ಲ, ಅದು. ಎಳತ ಬೀಳೋ ಜಾಗಕ್ಕೆಲ್ಲ ಅದು ಬೇಕು. ಹಳೇ ಬ್ಯಾಗಿಗೆ ಇತ್ತು, ಹೊಸಾದಕ್ಕ ಮ್ಯಾಲಿನ ಪಟ್ಟಿಗೆ ಐತಿ ಕೆಳಗಿನ ಪಟ್ಟಿಗೆ ಇಲ್ಲ, ಕೆಟ್ಟ ರಸ್ತ್ಯಾಗ ಜಾಸ್ತಿ ಎಳತ ಬೀಳೋದು ಕೆಳಗಿಂದಕ್ಕೇ. ಇನ್ನೊಂದು ಮಾತು ಮಾಮಾ ಹೇಳಿದ್ದು ನನ್ಗ ಗೊತ್ತೇ ಇರ್ಲಿಲ್ಲ, ಹೊಲಿಗಿ ಒತ್ತಾಗಿದ್ದಷ್ಟೂ ಗಟ್ಟಿ ಅಂತ ನಾವು ಅಂದ್ಕೋತೀವಿ, ಆದ್ರ ಒಳಗ ಕೋಟಿಂಗ್ ಇರೋ ಬಟ್ಟಿಗೆ ಉದ್ದಾನ ಸೀಮ್ ಒಳಗ ಬಹಳ ಒತ್ತಾಗಿ ಹೊಲಿದ್ರ ಸೂಜಿ ತೂತು ಸಾಲಾಗಿ ಬಿದ್ದು ಅಂಚೆ ಸ್ಟಾಂಪ್ ಹರ್ದಂಗ ಅದೇ ಗೆರಿ ಗುಂಟ ಹರೀತೈತಿ. ಇಂಚಿಗೆ ಆರೇಳು ಹೊಲಿಗಿ ಸಾಕಂತ, ದಾರ ದಪ್ಪ ಇರ್ಬೇಕು ಅಷ್ಟೇ. ದಾರ ಪಾಲಿಯೆಸ್ಟರ್ ಇದ್ರ ಬಿಸಿಲಿಗೆ ನೈಲಾನ್‌ಗಿಂತ ತಡೀತೈತಿ, ನಮ್ ಕಡಿ ಇದು ದೊಡ್ಡ ಮಾತು.

ಡೀನಿಯರ್ ಅಂತ ನಂಬರ್ ಹಾಕಿರ್ತಾರಲ್ಲ 600 ಡಿ, 1000 ಡಿ, 1680 ಡಿ ಅಂತ, ಅದು ದಾರದ ದಪ್ಪದ ಲೆಕ್ಕ, 9000 ಮೀಟರ್ ದಾರ ಎಷ್ಟು ಗ್ರಾಂ ತೂಗ್ತೈತಿ ಅಂತ. ದಪ್ಪ ದಾರ ಅಂದ್ರ ಉಜ್ಜಾಟಕ್ಕ ತಡೀತೈತಿ, ಖರೆ, ಆದ್ರ ನೀರು ತಡೆಯೋದು ಡೀನಿಯರ್ ಅಲ್ಲ, ಒಳಗಿನ ಕೋಟಿಂಗ್. ಗೆಳೆಯಾನ ಬ್ಯಾಗು 1680 ಇದ್ರೂ ಒಳಗ ಕೋಟಿಂಗ್ ಬಿಳೇ ಪುಡಿಯಾಗಿ ಉದುರ್ತಿತ್ತು, ಮುಟ್ಟಿದ್ರ ಅಂಟು ಅಂಟು. ಮಾಮಾ ನನ್ ಬ್ಯಾಗಿನ ಕೆಳಗಿನ ಪಟ್ಟಿಗೆ ಅಲ್ಲೇ ಬಾರ್ಟ್ಯಾಕ್ ಮಿಷನ್‌ನ್ಯಾಗ ನಾಲ್ಕು ಕಡಿ ಹೊಡ್ದು ಕೊಟ್ರು, ರೊಕ್ಕ ತಗೊಳ್ಳಲಿಲ್ಲ, ಚಾ ಒಗ್ಗರಣಿ ಮಿರ್ಚಿ ತರಿಸಿದ್ವಿ ಮುಗೀತು. ನಿಮ್ ಬ್ಯಾಗಿಗೂ ಇಲ್ಲಂದ್ರ ವಾಪಸ್ ಕಳ್ಸೋ ಗೋಳು ಬ್ಯಾಡ, ಯಾವ್ದಾದ್ರೂ ಯೂನಿಟ್‌ಗೆ ಹೋಗಿ ಕೇಳ್ರಿ.

ಜಿಪ್ ಬಗ್ಗೆ ನನ್ಗ ಬಹಳ ಸಿಟ್ಟೈತಿ ಯಾಕಂದ್ರ ನಮ್ ಕಡಿ ಬ್ಯಾಗ್ ಸಾಯೋದು ಮಳಿಗಲ್ಲ, ಧೂಳಿಗೆ. ತೋರಣಗಲ್ಲು ಸಂಡೂರು ದಾರಿಗೆ ಒಂದು ಸಲ ಹೋಗಿ ಬಂದ್ರ ಗಾಡಿ ಹೆಂಗ ಕೆಂಪಾಗ್ತೈತಿ ಗೊತ್ತಲ್ಲ, ಅದು ಬರೇ ಮಣ್ಣಲ್ಲ ಹೆಮಟೈಟ್ ಅದಿರಿನ ಪುಡಿ, ಗಟ್ಟಿ ಕಲ್ಲು, ಜಿಪ್ಪಿನ ಸ್ಲೈಡರ್ ಒಳಗ ಹೊಕ್ಕು ಅರ ಹಾಕಿದಂಗ ತಿಂತೈತಿ. ಹಲ್ಲು ಸರಿ ಇರ್ತಾವ, ಸ್ಲೈಡರ್ ಸಡಿಲ ಆಗಿ ಜಿಪ್ ಹಾಕಿದ್ರೂ ಹಿಂದಿಂದ ಬಿಚ್ಕೊಂತೈತಿ. ಅದಕ್ಕ ನಾ ನಂಬರ್ 5 ಜಿಪ್ ಇರೋವು ಬಿಟ್ಟೆ, 8 ಅಥವಾ 10 ನೋಡ್ರಿ, ಆ ನಂಬರ್ ಅಂದ್ರ ಜಿಪ್ ಮುಚ್ಚಿದಾಗ ಹಲ್ಲಿನ ಅಗಲ ಹೆಚ್ಚು ಕಮ್ಮಿ ಅಷ್ಟು ಮಿಲಿಮೀಟರ್. ಮ್ಯಾಲ ರಬ್ಬರಿನಂಗ ಪದರ ಇರೋ ವಾಟರ್‌ಪ್ರೂಫ್ ಜಿಪ್ ನೋಡಾಕ ಚಂದ, ಎಳ್ಯಾಕ ಬಿಗಿ, ಬಿಸಿಲಿಗೆ ಪದರ ಎದ್ದು ಬರ್ತೈತಿ, ನನ್ಗ ಬ್ಯಾಡ. ನಾ ಕಡೀಗೆ ತಗೊಂಡಿದ್ದು ಬಾಯಿ ಸುತ್ತಿ ಬಕಲ್ ಹಾಕೋ ರೋಲ್ ಟಾಪ್, ಮುಂದ ಮಾತ್ರ ಒಂದು ಸಣ್ಣ ಜಿಪ್ ಜೇಬು. ಆ ಜಿಪ್ಪಿಗೆ ಒಣ ಹಲ್ಲುಜ್ಜೋ ಬ್ರಷ್‌ನಿಂದ ತಿಕ್ಕಿ ಮ್ಯಾಲ ಮೇಣದ ಬತ್ತಿ ಸವರ್ತೀನಿ. ಎಣ್ಣಿ ಗ್ರೀಸು ಹಚ್ಚಬ್ಯಾಡ್ರಿ, ಇನ್ನಷ್ಟು ಧೂಳು ಹಿಡೀತೈತಿ.

ಧೂಳಿನ ಇನ್ನೊಂದು ಕಾಟ, ಬ್ಯಾಗಿನ ಬೆನ್ನಿಗೂ ಟ್ಯಾಂಕಿಗೂ ನಡುವ ಹೊಕ್ಕು ಬಣ್ಣ ಉಜ್ಜತೈತಿ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಇಡೋರು ಅದಾರ, ಬಿಳೇ ಟ್ಯಾಂಕಿಗೆ ಕರೇ ಕಲಿ ಬೀಳ್ತೈತಿ. ಕಾರ್ ಸ್ಟಿಕ್ಕರ್ ಅಂಗಡ್ಯಾಗ ಬಣ್ಣ ಕಾಯಾಕ ಅಂಟಿಸೋ ದಪ್ಪನ ಪಾರದರ್ಶಕ ಪಿಪಿಎಫ್ ಶೀಟ್ ಉಳಿದ ತುಂಡು ಇರ್ತಾವ, ಅದನ್ನ ಅಂಟಿಸಿದ್ರ ಆತು.

ಮಳಿ ಅಂದ್ರ, ಇಲ್ಲೇ ಸುತ್ತಾಡೋರು ತಲಿ ಕೆಡಿಸ್ಕೋಬ್ಯಾಡ್ರಿ. ಹುಬ್ಬಳ್ಳಿ ದಾಟಿ ಅನ್ಮೋಡ್ ಘಾಟ್ ಇಳಿದು ಗೋವಾಕ್ಕ ಹೋಗೋರು ಮಾತ್ರ ಒಳಗೊಂದು ಡ್ರೈ ಬ್ಯಾಗ್, ಅಂದ್ರ ನೀರು ಹೊಗದಂಥ ಚೀಲ, ಇಟ್ಕೋರಿ. ಹೊರಗ ಹಾಕೋ ರೇನ್ ಕವರ್ ಮುಂದಿನ ಗಾಳಿಗೆ ಪಟಪಟ ಬಡ್ಕೊಂಡು ಹಾರಿ ಹೋಗ್ತೈತಿ.

ಮಂಗ್ಯಾನ ವಿಷಯ ಮಾತ್ರ ಮರೀಬ್ಯಾಡ್ರಿ. ಆನೆಗೊಂದಿ, ಅಂಜನಾದ್ರಿ, ಹಂಪಿ ಕಡಿ ಹೋಗೋರಿಗೆ ಗೊತ್ತಿರ್ತೈತಿ, ಅಂಜನಾದ್ರಿ 575 ಮೆಟ್ಲು ಹತ್ತಿ ಇಳಿಯೋದ್ರೊಳಗ ಕೆಳಗ ಬ್ಯಾಗಿನ ಪಂಚನಾಮಿ ಆಗಿರ್ತೈತಿ. ವೆಲ್ಕ್ರೋ ಮುಚ್ಚಳ ಅವಕ್ಕ ಲೆಕ್ಕಕ್ಕೇ ಇಲ್ಲ, ಜಿಪ್ ಕೂಡ ಎಳೀತಾವ. ಎರಡು ಬದಿ ಒತ್ತಿ ಬಿಚ್ಚೋ ಬಕಲ್ ಇನ್ನೂ ಕಲ್ತಿಲ್ಲ, ಕಲೀತಾವ ಬಿಡ್ರಿ. ಶೇಂಗಾ, ಬಾಳಿಹಣ್ಣು, ಬಿಸ್ಕಿಟ್ ಪಾಕೀಟು ಮುಂದಿನ ಬ್ಯಾಗಿನ್ಯಾಗ ಇಡಬ್ಯಾಡ್ರಿ, ಇನ್ನ ಬೆಲೆಬಾಳೋದು ಏನಾದ್ರೂ ಇದ್ರ ಹುಕ್ ತಗದು ಹೆಗಲಿಗೆ ಹಾಕ್ಕೊಂಡು ಹೋಗೋ ನಮೂನಿ ಬ್ಯಾಗೇ ನೋಡ್ರಿ.

ಕೆಲವ್ರು ಬ್ಯಾಗಿನ್ಯಾಗ ಪ್ಲಾಸ್ಟಿಕ್ ಬಾಟ್ಲಿಗೆ ಪೆಟ್ರೋಲ್ ತುಂಬಿ ಇಡ್ತಾರ, ಎಂಜಿನ್ ಪಕ್ಕ, ಈ ಬಿಸಿಲಾಗ. ಯಾಕ್ರಪಾ? 15 ಲೀಟರ್ ಟ್ಯಾಂಕು, ಲೀಟರಿಗೆ 30 ಕೊಟ್ರೂ 450 ಕಿಲೋಮೀಟರ್ ಆತು, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಲಿಂಗಸುಗೂರು, ಮುದಗಲ್ಲು, ಕುಷ್ಟಗಿ, ಕೊಪ್ಪಳ ಸುತ್ತು ಹಾಕಿ ಮನಿಗೆ ಬರಬೌದು, ದಾರ್ಯಾಗ ಬಂಕ್ ಬೇರೆ ಅದಾವ.

ಪಲ್ಸರ್, ಕ್ಲಾಸಿಕ್, ಎಕ್ಸ್‌ಪಲ್ಸ್ ಇರೋರು ಫ್ರೇಮ್ ಇಲ್ಲ ಅಂತ ಬೇಜಾರಾಗಬ್ಯಾಡ್ರಿ, ಟ್ಯಾಂಕ್ ಮ್ಯಾಲ ಅಡ್ಡ ಹಾಸಿ ಎರಡೂ ಕಡಿ ಇಳಿ ಬಿಡೋ ಜೋಡಿ ಬ್ಯಾಗ್ ಸಿಗ್ತಾವ. ಕೆಲವಕ್ಕ ಮ್ಯಾಗ್ನೆಟ್ ಇರ್ತೈತಿ, ಆದ್ರ ಟ್ಯಾಂಕ್ ಸುತ್ತ ಪ್ಲಾಸ್ಟಿಕ್ ಕವರ್ ಇರೋ ಗಾಡಿಗೆ ಮ್ಯಾಗ್ನೆಟ್ ಹಿಡಿಯಂಗಿಲ್ಲ, ಪಟ್ಟಿದೇ ಬೇಕು. ಅಂಥ ಬ್ಯಾಗಿನ್ಯಾಗ ಒಂದೇ ನೋಡ್ಕೋರಿ, ನಡುವಿನ ಹಾಸು ಪೆಟ್ರೋಲ್ ಮುಚ್ಚಳದ ಮ್ಯಾಲ ಬರ್ತೈತಿ, ಅದು ಒಂದು ಬಕಲ್ ಬಿಚ್ಚಿದ್ರ ಪಕ್ಕಕ್ಕ ಸರೀಬೇಕು, ಇಲ್ಲಂದ್ರ ಬಂಕ್‌ನ್ಯಾಗ ನೀವು ಪಟ್ಟಿ ಬಿಚ್ಕೋತ ನಿಂತ್ರ ಹಿಂದಿನ ಆಟೋದವ್ನು ಹಾರ್ನ್ ಹೊಡ್ದು ಹೊಡ್ದು ಕಿವಿ ಕಿತ್ತ್ಹಾಕ್ತಾನ.