ಕಾಸರಗೋಡಿನ ರೀಲ್ಸ್ ಊರಾಚೆ ಓಡಬೇಕಾದರೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯಿಂದ ದಿನಾ ಎಷ್ಟೋ ರೀಲ್ಸ್ ಬರುತ್ತವೆ. ಹೆಚ್ಚಿನವು ಊರವರ, ನೆಂಟರಿಷ್ಟರ ಫೋನಿನಲ್ಲಿ ಒಂದು ಸುತ್ತು ಹೊಡೆದು ಅಲ್ಲೇ ನಿಲ್ಲುತ್ತವೆ. ಸರಕಿಗೇನೂ ಬರ ಇಲ್ಲ. ನೀರಿಗಾಗಿ ಗುಡ್ಡ ಕೊರೆದ ಸುರಂಗ, ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ, ಕಾಸರಗೋಡು ಗಿಡ್ಡ ತಳಿಯ ದನ, ಅಂಗಳ ತುಂಬ ಒಣಗುವ ಅಡಿಕೆ, ಇವೆಲ್ಲ ಇಲ್ಲಿ ಕೈಗೆಟಕುವಷ್ಟು ಹತ್ತಿರ ಇವೆ. ಎಡವುವುದು ಒಂದೇ ಕಡೆ: ನೋಡುವವರಿಗೆ ಇದೆಲ್ಲ ಮೊದಲೇ ಗೊತ್ತಿದೆ ಎಂದುಕೊಂಡು ವಿಡಿಯೋ ಮಾಡುತ್ತೇವೆ. ಚಾಮರಾಜನಗರದಲ್ಲಿ ಕುಳಿತವರಿಗೆ ‘ನಮ್ಮ ಮನೆಯ ಸುರಂಗ’ ಎಂದರೆ ಏನೆಂದೇ ಹೊಳೆಯುವುದಿಲ್ಲ. ಊರಿನ ವಿಷಯವನ್ನು ಊರು ಗೊತ್ತಿಲ್ಲದವರಿಗೆ ಹೇಳುವ ಹಾಗೆ ಹೇಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಈ ಕೆಳಗಿದೆ.

ಯಾರು ಯಾರಿಗೆ ಕಳುಹಿಸುತ್ತಾರೆ?

2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾದ ಮೇಲೆ ನಮಗೆ ಉಳಿದ ದೊಡ್ಡ ದಾರಿಗಳು ಇನ್‌ಸ್ಟಾಗ್ರಾಮ್ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್. ಎರಡರಲ್ಲೂ ಈಗ 3 ನಿಮಿಷದವರೆಗಿನ ವಿಡಿಯೋ ಹಾಕಬಹುದು. ಆದರೆ ಹೊಸಬರು 25ರಿಂದ 45 ಸೆಕೆಂಡಿನೊಳಗೆ ಮುಗಿಸುವುದೇ ಒಳ್ಳೆಯದು. ಉದ್ದ ಮಾಡಿದಷ್ಟೂ ನಡುವೆ ಬಿಟ್ಟುಹೋಗುವವರು ಹೆಚ್ಚುತ್ತಾರೆ.

ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಂ ಮೊಸ್ಸೇರಿ 2025ರ ಆರಂಭದಲ್ಲಿ ಮೂರು ಲೆಕ್ಕಗಳು ಮುಖ್ಯ ಎಂದು ಹೇಳಿದ್ದರು: ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಮಂದಿ ಲೈಕ್ ಕೊಟ್ಟರು, ಎಷ್ಟು ಮಂದಿ ಇನ್ನೊಬ್ಬರಿಗೆ ಕಳುಹಿಸಿದರು. ಲೈಕ್‌ಗೆ ಫಾಲೋವರ್ಸ್ ನಡುವೆ ಬೆಲೆ ಜಾಸ್ತಿ. ಗುರುತಿಲ್ಲದವರಿಗೆ ತಲುಪಬೇಕಾದರೆ ಕಳುಹಿಸುವವರು ಬೇಕು. ಹಾಗಾಗಿ ಕ್ಯಾಮೆರಾ ತೆಗೆಯುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಇದನ್ನು ಯಾರು, ಯಾರಿಗೆ, ಯಾಕೆ ಕಳುಹಿಸುತ್ತಾರೆ? ಉತ್ತರ ಬರೆಯಲು ಆಗದಿದ್ದರೆ ವಿಷಯವನ್ನು ಇನ್ನೂ ಸಣ್ಣದು ಮಾಡಬೇಕು.

‘ನಮ್ಮೂರ ಅಡಿಕೆ ಕೃಷಿ’ ಎಂಬ ರೀಲ್ಸನ್ನು ಯಾರೂ ಯಾರಿಗೂ ಕಳುಹಿಸುವುದಿಲ್ಲ. ‘ಇಲ್ಲಿ ಅಡಿಕೆ ಬೇಯಿಸುವುದೇ ಇಲ್ಲ, 40 ದಿನ ಬಿಸಿಲಿಗೆ ಹಾಕುತ್ತಾರೆ’ ಎಂದರೆ, ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವ ಶಿವಮೊಗ್ಗ ಕಡೆಯವರು ತಮ್ಮ ಮನೆಯ ಗ್ರೂಪಿಗೆ ಕಳುಹಿಸುತ್ತಾರೆ. ನಮಗೆ ಹೀಗೆ ಒಣಗಿಸಿದ ಚಾಲಿ ಅಡಿಕೆ ದಿನದ ಮಾತು, ಅವರಿಗೆ ಅದು ಸುದ್ದಿ. ಹೊರಗಿನವರಿಗೆ ಮೊದಲೇ ಗೊತ್ತಿರುವ ಒಂದು ವಸ್ತುವಿಗೆ ನಮ್ಮದನ್ನು ಜೋಡಿಸಿ ತೋರಿಸುವುದು ಗಡಿನಾಡಿನವರಿಗೆ ಬಹಳ ಫಲ ಕೊಡುವ ಉಪಾಯ. ಸುರಂಗವನ್ನು ಬೀದರಿನ ಕರೇಜಿನ (ನೆಲದಡಿಯ ಹಳೆಯ ನೀರಿನ ಕಾಲುವೆ) ಪಕ್ಕ ಇಟ್ಟು ನೋಡಿ, ಕಲ್ಯಾಣ ಕರ್ನಾಟಕದವರೂ ಮಾತಿಗೆ ಬರುತ್ತಾರೆ.

ಒಂದು ಸುರಂಗ, 40 ಸೆಕೆಂಡು

ಬಾಯಾರು, ಪಡ್ರೆ, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡಗಳಿಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಬ್ಬ ಮನುಷ್ಯ ಬಗ್ಗಿಕೊಂಡೋ ನೆಟ್ಟಗೋ ಹೋಗುವಷ್ಟು ಕಿರಿದು. ನೀರು ತನ್ನಷ್ಟಕ್ಕೆ ಇಳಿದು ಬರುತ್ತದೆ. ಇದನ್ನು ರೀಲ್ಸ್ ಮಾಡುವ ಬಗೆ ಹೀಗೆ.

ಮೊದಲ 2 ಸೆಕೆಂಡು: ಕತ್ತಲೆಯ ಬಾಯಿಯಿಂದ ಬೆಳಕಿಗೆ ಬೀಳುವ ನೀರು, ತೀರ ಹತ್ತಿರದಿಂದ. ಮೇಲೆ ದಪ್ಪ ಅಕ್ಷರ: ‘ಪಂಪ್ ಇಲ್ಲ, ಕರೆಂಟ್ ಇಲ್ಲ’. ಅದನ್ನೇ ದನಿಯಲ್ಲೂ ಹೇಳಿ. ‘ಎಲ್ಲರಿಗೂ ನಮಸ್ಕಾರ, ನನ್ನ ಚಾನೆಲ್‌ಗೆ ಸ್ವಾಗತ’ ಎಂಬ ಮಾತಿಗೆ ಇಲ್ಲಿ ಜಾಗ ಇಲ್ಲ. ಅದು ಮುಗಿಯುವುದರೊಳಗೆ ಬೆರಳು ಮುಂದಿನ ವಿಡಿಯೋಕ್ಕೆ ಜಾರಿರುತ್ತದೆ.

3ರಿಂದ 8: ಸುರಂಗದ ಬಾಯಿಯಲ್ಲಿ ಒಬ್ಬರು ನಿಂತಿರಲಿ. ಆಳು ಇಲ್ಲದೆ ಅಳತೆ ತಿಳಿಯುವುದಿಲ್ಲ, ಬರೀ ಕಲ್ಲಿನ ತೂತು ಕಾಣುತ್ತದೆ. ದನಿ: ‘ಗುಡ್ಡದ ಹೊಟ್ಟೆಯೊಳಗೆ ಇಷ್ಟು ಉದ್ದ ಕೊರೆದದ್ದು ಬರೀ ಪಿಕ್ಕಾಸಿನಲ್ಲಿ. ಒಳಗೆ ಉಸಿರಾಡಲು ಗಾಳಿ ಇದೆಯೇ ಎಂದು ತಿಳಿಯುತ್ತಿದ್ದದ್ದು ಹೇಗೆ ಗೊತ್ತೆ?’ ಉತ್ತರ ಈಗಲೇ ಕೊಡಬೇಡಿ.

9ರಿಂದ 20: ಬಾಯಿಯ ಬಳಿಯ ಗೋಡೆಯ ಮೇಲಿನ ಪಿಕ್ಕಾಸಿನ ಗೆರೆಗಳು, ಜಿನುಗುವ ನೀರು, ಅದು ಸೇರುವ ತೋಡು. ಒಂದೊಂದು ಶಾಟ್ 2ರಿಂದ 3 ಸೆಕೆಂಡು. 21ರಿಂದ 32: ನೀರು ಟ್ಯಾಂಕಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ, ಕೊನೆಗೆ ಮನೆಯವರ ಕೊಡಕ್ಕೆ. ಕೊನೆಯ 8 ಸೆಕೆಂಡಿನಲ್ಲಿ ಮೊದಲಿನ ಪ್ರಶ್ನೆಗೆ ಉತ್ತರ: ಕೈಯಲ್ಲಿ ಉರಿಯುವ ಕ್ಯಾಂಡಲ್. ಬೆಂಕಿ ಸಣ್ಣದಾದರೆ ಹಿಂದೆ ಬರಬೇಕು. ಅಲ್ಲಿಗೇ ಕತ್ತರಿಸಿ. ‘ಇಷ್ಟವಾದರೆ ಶೇರ್ ಮಾಡಿ’ ಎಂದು ಇನ್ನೂ 5 ಸೆಕೆಂಡು ಎಳೆದರೆ ಕೊನೆಯವರೆಗೆ ನೋಡಿದವರ ಲೆಕ್ಕ ಕೆಳಗಿಳಿಯುತ್ತದೆ.

ಕ್ಯಾಂಡಲಿನ ಶಾಟನ್ನು ಸುರಂಗದ ಬಾಯಿಯಲ್ಲೇ ತೆಗೆಯಿರಿ. ಹಳೆಯ ಸುರಂಗದೊಳಕ್ಕೆ ರೀಲ್ಸಿಗಾಗಿ ಹೊಗಲೇಬಾರದು. ಆಮ್ಲಜನಕದ ಕೊರತೆ, ಹಾವು, ಮಳೆಗಾಲದಲ್ಲಿ ಕುಸಿಯುವ ಮಣ್ಣು, ಮೂರೂ ನಿಜವಾದ ಅಪಾಯಗಳೇ.

40 ಸೆಕೆಂಡಿಗೆ ಕನ್ನಡದಲ್ಲಿ 70ರಿಂದ 80 ಪದ ಸಾಕು. ಬರೆದು, ಗಡಿಯಾರ ಇಟ್ಟು ಓದಿ ನೋಡಿ. ಓಡಿಸಿ ಓದಬೇಕಾಗಿ ಬಂದರೆ ಪದ ಕಡಿಮೆ ಮಾಡಿ, ವೇಗ ಹೆಚ್ಚಿಸಬೇಡಿ.

ಕ್ಯಾಮೆರಾ, ಬೆಳಕು, ದನಿ

ಫೋನನ್ನು ನೆಟ್ಟಗೆ ಹಿಡಿಯಿರಿ. 9:16 ಅಳತೆ, 1080 × 1920, ಸೆಕೆಂಡಿಗೆ 30 ಫ್ರೇಮ್. ಶುರು ಮಾಡುವ ಮುಂಚೆ ಲೆನ್ಸನ್ನು ಹತ್ತಿಯ ಬಟ್ಟೆಯಿಂದ ಒರೆಸಿ. ಕಡಲ ಬದಿಯ ತೇವ, ಕೈಯ ಎಣ್ಣೆ ಸೇರಿ ಚಿತ್ರ ಮಂಜಾಗುತ್ತದೆ, ಎಡಿಟಿಂಗಿನಲ್ಲಿ ಅದು ಸರಿಹೋಗುವುದಿಲ್ಲ. ಹತ್ತಿರದ ಶಾಟ್ ಬೇಕೆಂದರೆ ಝೂಮ್ ಎಳೆಯುವ ಬದಲು ನೀವೇ ಹತ್ತಿರ ಹೋಗಿ.

ಕೋಲ, ತೆಯ್ಯಂ, ರಾತ್ರಿಯ ಯಕ್ಷಗಾನದಲ್ಲಿ ಎರಡು ತೊಂದರೆ ಬಂದೇ ಬರುತ್ತವೆ. ಒಂದು, ದೀವಟಿಗೆಯ ಬೆಂಕಿ ಬೆಳ್ಳಗೆ ಸುಟ್ಟಂತಾಗಿ ಮುಖವರ್ಣಿಕೆ ಕಾಣದಿರುವುದು. ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಆಮೇಲೆ ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ಎರಡು, ರಂಗದ ದೀಪಗಳಿಂದ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಓಡುವುದು. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ (ಸೆಟ್ಟಿಂಗ್‌ಗಳನ್ನು ಕೈಯಿಂದ ಬದಲಿಸುವ ಬಗೆ) ಇದ್ದರೆ ಶಟರನ್ನು 1/50 ಅಥವಾ 1/100ಕ್ಕೆ ಇಡಿ, ಹೆಚ್ಚಿನ ಕಡೆ ಪಟ್ಟಿ ಮಾಯವಾಗುತ್ತದೆ.

ಮಳೆಗಾಲದ ಅಡಿಕೆ ತೋಟ ಮಧ್ಯಾಹ್ನವೂ ಕತ್ತಲೆ. ಒಳಗೆ ತೆಗೆದ ಚಿತ್ರ ಕಾಳುಕಾಳಾಗುತ್ತದೆ, ಕೈ ಆಡಿಸಿದರೆ ಮಸುಕಾಗುತ್ತದೆ. ತೋಟದ ಅಂಚಿಗೆ ಬನ್ನಿ, ಬೆಳಕು ಕೆಲಸಗಾರರ ಮುಖದ ಮೇಲೆ ಬೀಳುವಂತೆ ನಿಲ್ಲಿ.

ಚಿತ್ರ ಸ್ವಲ್ಪ ಮಂದವಾದರೂ ಜನ ನೋಡುತ್ತಾರೆ, ದನಿ ಕೆಟ್ಟರೆ ನೋಡುವುದಿಲ್ಲ. ಬೇಕಲ ಕೋಟೆಯ ಮೇಲೆ ನಿಂತು ಮಾತಾಡಿದರೆ ಕೇಳುವುದು ಗಾಳಿ ಮಾತ್ರ. ಕಾಲರ್ ಮೈಕ್ ಇದ್ದರೆ ಸ್ಪಂಜಿನ ಟೋಪಿ ಹಾಕಿ. ಇಲ್ಲವೆಂದರೆ ಸ್ಥಳದಲ್ಲಿ ಬರೀ ದೃಶ್ಯ ತೆಗೆದುಕೊಂಡು, ಮಾತನ್ನು ಮನೆಯಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿ: ಹಾಸಿಗೆ, ಬಟ್ಟೆಬರೆ ಇರುವ ಕೋಣೆ, ಫ್ಯಾನ್ ಆಫ್, ಫೋನ್ ಬಾಯಿಯಿಂದ ಒಂದು ಗೇಣು ದೂರ. ತಗಡಿನ ಮಾಡಿನ ಕೆಳಗೆ ಮಳೆ ಬರುವಾಗ ಮಾತ್ರ ಬೇಡ. ಸ್ಥಳದ ಸದ್ದುಗಳನ್ನೂ ಬಿಡಬೇಡಿ. ಚೆಂಡೆಯ ಪೆಟ್ಟು, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಸದ್ದು ದನಿಯ ಕೆಳಗೆ ಇರಲಿ.

ಯಾವ ಕನ್ನಡ? ಮಲಯಾಳಂ ಬೇಕೆ?

ನಿಮ್ಮ ಮನೆಯ ಕನ್ನಡದಲ್ಲೇ ಮಾತಾಡಿ. ಹವ್ಯಕವಾಗಲಿ, ತುಳು ಬೆರೆತ ಕುಂಬಳೆಯ ಕನ್ನಡವಾಗಲಿ, ಆ ಧಾಟಿ ಕೇಳಿದ ಕೂಡಲೇ ಬೆರಳು ನಿಲ್ಲುತ್ತದೆ. ತೆರೆಯ ಮೇಲಿನ ಬರಹ ಮಾತ್ರ ಎಲ್ಲ ಜಿಲ್ಲೆಗೂ ತಿಳಿಯುವ ಸರಳ ಕನ್ನಡದಲ್ಲಿರಲಿ. ತಾನಾಗಿ ಬರುವ ಸಬ್‌ಟೈಟಲ್ ನಮ್ಮ ಮಾತನ್ನು ಹಿಡಿಯುವುದಿಲ್ಲ, ಕೈಯಿಂದ ಟೈಪ್ ಮಾಡಿ. ಕೆಲವು ಎಡಿಟಿಂಗ್ ಆ್ಯಪ್‌ಗಳ ಫಾಂಟಿನಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿಕೊಂಡು ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆದು ಪರೀಕ್ಷಿಸಿ. ಒಂದು ಸಲಕ್ಕೆ 4ರಿಂದ 6 ಪದ, ಎರಡು ಸಾಲು, ಸಾಲುಗಳ ನಡುವೆ ಒತ್ತಕ್ಷರಕ್ಕೆ ಜಾಗ. ತೆರೆಯ ಕೆಳಗಿನ ಐದರಲ್ಲಿ ಒಂದು ಭಾಗ ಮತ್ತು ಬಲ ಅಂಚನ್ನು ಖಾಲಿ ಬಿಡಿ, ಅಲ್ಲಿ ಹೆಸರು, ಲೈಕ್, ಶೇರ್ ಗುಂಡಿಗಳು ಬಂದು ಅಕ್ಷರ ಮುಚ್ಚುತ್ತವೆ.

ಮಲಯಾಳಂ ನೋಡುಗರೂ ಬೇಕೆಂಬ ಆಸೆ ಇಲ್ಲಿ ಸಹಜ, ನಮ್ಮ ಅರ್ಧ ಫಾಲೋವರ್ಸ್ ಅವರೇ ಇರಬಹುದು. ಆದರೆ ಒಂದೇ ವಿಡಿಯೋದಲ್ಲಿ ಎರಡು ಭಾಷೆ ಬೆರೆಸಿದರೆ ಇಬ್ಬರೂ ಅರ್ಧದಲ್ಲಿ ಹೋಗುತ್ತಾರೆ. ದೃಶ್ಯ ಒಂದೇ, ದನಿ ಎರಡು, ಖಾತೆಯೂ ಎರಡು: ಇದು ಕೆಲಸ ಮಾಡುತ್ತದೆ. ಕನ್ನಡದ ಖಾತೆ ಕನ್ನಡದ್ದಾಗಿಯೇ ಉಳಿಯಲಿ.

ಕೇಳಿ ತೆಗೆಯುವುದು

ದೇವಸ್ಥಾನದ ಒಳಾಂಗಣದಲ್ಲಿ ಹಲವು ಕಡೆ ಕ್ಯಾಮೆರಾ ನಿಷೇಧ, ಕೋಲದಲ್ಲಿ ಯಾವ ಹೊತ್ತು ತೆಗೆಯಬಾರದೆಂದು ಮನೆಯವರೇ ಹೇಳುತ್ತಾರೆ. ಮೊದಲೇ ಕೇಳಿ. ಕನ್ನಡ ಶಾಲೆಯ ಮಕ್ಕಳ ಮುಖ ತೋರಿಸಲು ಹೆತ್ತವರ ಒಪ್ಪಿಗೆ ಬೇಕು. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದವರ ಮನೆಗೆ ವ್ಯೂಸಿಗಾಗಿ ಕ್ಯಾಮೆರಾ ಹಿಡಿದು ಹೋಗುವುದು ತಪ್ಪು, ಅವರ ಮಾತು ಹೇಳಲೇಬೇಕಿದ್ದರೆ ಅವರು ಒಪ್ಪಿದಷ್ಟೇ, ಅವರ ದನಿಯಲ್ಲೇ ಬರಲಿ. ಮೇಳದ ಆಟದ ತುಣುಕು ಹಾಕುವ ಮೊದಲು ಮೇಳದವರನ್ನು ಕೇಳಿ, ಭಾಗವತರ ಮತ್ತು ಕಲಾವಿದರ ಹೆಸರು ಬರೆಯಿರಿ. ಸಿನಿಮಾ ಹಾಡು ಬೇಕೆಂದರೆ ಆ್ಯಪ್‌ನ ಲೈಬ್ರರಿಯಿಂದಲೇ ಆರಿಸಿ. ಇನ್‌ಸ್ಟಾಗ್ರಾಮ್‌ನ ಬಿಸಿನೆಸ್ ಖಾತೆಗೆ ಹೆಚ್ಚಿನ ಜನಪ್ರಿಯ ಹಾಡುಗಳು ಸಿಗುವುದಿಲ್ಲ, ಅಂಗಡಿಯ ಖಾತೆ ಮಾಡುವವರಿಗೆ ಇದು ನೆನಪಿರಲಿ.

ಹಾಕುವಾಗ

ಎಡಿಟ್ ಮಾಡಿದ ಫೈಲನ್ನು ವಾಟ್ಸಾಪ್‌ನಲ್ಲಿ ಗೆಳೆಯರ ಫೋನಿಗೆ ಕಳುಹಿಸಿ ಅಲ್ಲಿಂದ ಹಾಕಿದರೆ ಚಿತ್ರ ಕುಗ್ಗಿ ಒಡೆದಿರುತ್ತದೆ. ಕಳುಹಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಬೇರೆ ಆ್ಯಪ್‌ನ ಮುದ್ರೆ ಮೂಲೆಯಲ್ಲಿರುವ ವಿಡಿಯೋವನ್ನು ಇನ್‌ಸ್ಟಾಗ್ರಾಮ್ ಹೊಸಬರಿಗೆ ತೋರಿಸುವುದಿಲ್ಲ, ಆದ್ದರಿಂದ ಎರಡು ಕಡೆಗೂ ಮುದ್ರೆ ಇಲ್ಲದ ಮೂಲ ಫೈಲನ್ನೇ ಬೇರೆಬೇರೆಯಾಗಿ ಹಾಕಿ. ವಿವರಣೆಯ ಮೊದಲ ಸಾಲಿನಲ್ಲಿ ಜನ ಹುಡುಕುವ ಪದ ಇರಲಿ: ‘ಸುರಂಗ ನೀರಾವರಿ, ಕಾಸರಗೋಡು’. ಹ್ಯಾಶ್‌ಟ್ಯಾಗ್ 3ರಿಂದ 5 ಸಾಕು.

ಹೊತ್ತಿನ ಬಗ್ಗೆ ಒಂದು ಮಾತು. ನಮ್ಮವರು ಗಲ್ಫಿನಲ್ಲಿ ತುಂಬ ಇದ್ದಾರೆ, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 8.30 ಆದರೆ ಅಲ್ಲಿ 7. ಕೆಲಸ ಬಿಟ್ಟು ರೂಮಿಗೆ ಬಂದವರು, ಇಲ್ಲಿ ಊಟ ಮುಗಿಸಿದವರು ಇಬ್ಬರೂ ಸಿಗುವ ಹೊತ್ತು ಅದು.

ಅಂಕಿಗಳನ್ನು ಓದುವುದು

ವ್ಯೂಸ್ ಸಂಖ್ಯೆ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್ ಶುರುವಾದ ಕೂಡಲೇ ಒಂದು ವ್ಯೂ ಎಂದು ಎಣಿಸುತ್ತದೆ, ಕನಿಷ್ಠ ಹೊತ್ತು ನೋಡಿರಬೇಕೆಂದಿಲ್ಲ. ಯೂಟ್ಯೂಬ್ ಸ್ಟುಡಿಯೋ ಆ್ಯಪ್‌ನಲ್ಲಿ ನೋಡಬೇಕಾದ್ದು ಎರಡು: ನಿಂತು ನೋಡಿದವರು ಮತ್ತು ಸರಿಸಿಬಿಟ್ಟವರ ಪಾಲು, ಮತ್ತು ಎಷ್ಟನೇ ಸೆಕೆಂಡಿನಲ್ಲಿ ಜನ ಇಳಿದರು ಎಂದು ತೋರಿಸುವ ಗೆರೆ. ಗೆರೆ ಮೊದಲ 3 ಸೆಕೆಂಡಿನಲ್ಲೇ ಕುಸಿದರೆ ಆರಂಭದ ಶಾಟ್ ಬದಲಿಸಬೇಕು. ನಡುವೆ ಒಂದು ಕಡೆ ಮೆಟ್ಟಿಲಿನಂತೆ ಇಳಿದರೆ ಅಲ್ಲಿ ಮಾತು ಎಳೆದಿದೆ ಎಂದರ್ಥ, ಹೆಚ್ಚಾಗಿ ಊರಿನ ಚರಿತ್ರೆ ಹೇಳುವ ಜಾಗ. ಕೊನೆಯಲ್ಲಿ ಗೆರೆ ಮೇಲೆದ್ದರೆ ಜನ ಅಷ್ಟನ್ನು ಮತ್ತೆ ನೋಡಿದ್ದಾರೆ, ಮುಂದಿನ ವಿಡಿಯೋ ಆ ವಿಷಯದ ಮೇಲೆಯೇ ಮಾಡಿ.

ದುಡ್ಡಿನ ಲೆಕ್ಕ ಕೇಳುವವರಿಗೆ: ಯೂಟ್ಯೂಬ್ ಜಾಹೀರಾತಿನ ಪಾಲು ಶಾರ್ಟ್ಸ್‌ನಿಂದ ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್ಸ್ ಮತ್ತು 90 ದಿನದಲ್ಲಿ 1 ಕೋಟಿ ಅರ್ಹ ವ್ಯೂಸ್ ಬೇಕು. ಇದನ್ನೇ ನಂಬಿ ಶುರು ಮಾಡಬೇಡಿ. ಸಣ್ಣ ಖಾತೆಗೆ ಮೊದಲು ಬರುವ ಹಣ ಹಪ್ಪಳ, ಜೇನು, ಸೀರೆ ಮಾರುವ ಊರಿನ ಅಂಗಡಿಗಳದ್ದು. ಹಣ ಪಡೆದಿದ್ದರೆ ಅದು ಜಾಹೀರಾತು ಎಂದು ವಿಡಿಯೋದಲ್ಲೇ ಕಾಣುವಂತೆ ಬರೆಯಬೇಕು.

ಓಡದ ವಿಡಿಯೋವನ್ನು ಅಳಿಸಬೇಡಿ. ಅದೇ ದೃಶ್ಯಗಳಿಗೆ ಬೇರೆ ಮೊದಲ ಶಾಟ್, ಬೇರೆ ಮೊದಲ ಮಾತು ಜೋಡಿಸಿ ಕೆಲವು ವಾರ ಬಿಟ್ಟು ಮತ್ತೆ ಹಾಕಿ. ನಿಮ್ಮ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಟ್ರಯಲ್ ರೀಲ್ಸ್ ಸೌಲಭ್ಯ ಬಂದಿದ್ದರೆ ಹೊಸ ಆರಂಭವನ್ನು ಮೊದಲು ಅದರಲ್ಲಿ ಬಿಡಿ. ಫಾಲೋವರ್ಸ್ ಅಲ್ಲದವರಿಗೆ ಮಾತ್ರ ತೋರಿಸುವುದರಿಂದ, ನೆಂಟರಿಷ್ಟರ ಲೈಕ್ ಬೆರೆಯದ ಲೆಕ್ಕ ಸಿಗುತ್ತದೆ.